ಉತ್ತರ ಐರ್ಲೆಂಡಿನ ಬಡವರಿಗೆ ಬೇರೆ ರೂಲ್ಸ್ ಬೇಕೇ? ಪರ-ವಿರೋಧ

1998ರ ಏಪ್ರಿಲ್ 10, ಗುಡ್ ಫ್ರೈಡೇ. ಆ ದಿನ ಬೆಲ್‌ಫಾಸ್ಟ್‌ನಲ್ಲಿ ಒಪ್ಪಂದವಾಯಿತು. ಬ್ರಿಟನ್ ಒಕ್ಕೂಟದಲ್ಲೇ ಉಳಿಯಬೇಕು ಅನ್ನುವವರು (ಹೆಚ್ಚಾಗಿ ಪ್ರೊಟೆಸ್ಟೆಂಟರು) ಮತ್ತು ಐರ್ಲೆಂಡಿಗೆ ಸೇರಬೇಕು ಅನ್ನುವವರು (ಹೆಚ್ಚಾಗಿ ಕ್ಯಾಥೊಲಿಕರು), ಇವರ ನಡುವಿನ ಮೂವತ್ತು ವರ್ಷಗಳ ರಕ್ತಪಾತ ಬಹುಮಟ್ಟಿಗೆ ಅಲ್ಲಿಗೆ ನಿಂತಿತು. ಅಷ್ಟರಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದರು. ಉತ್ತರ ಐರ್ಲೆಂಡಿನ ಜನಸಂಖ್ಯೆ ಇವತ್ತಿಗೂ ಸುಮಾರು 19 ಲಕ್ಷ ಅಷ್ಟೇ. ಇಷ್ಟು ಚಿಕ್ಕ ನಾಡಿನಲ್ಲಿ ಅಷ್ಟು ಸಾವು ಅಂದರೆ ಸುಮ್ನೆ ಅಲ್ಲ. ಅಲ್ಲಿನವರು ಆ ಮೂವತ್ತು ವರ್ಷಗಳನ್ನು ‘ಟ್ರಬಲ್ಸ್’ ಅನ್ನುತ್ತಾರೆ. ಅಂದರೆ ತೊಂದರೆ. ಮನೆಯ ನಲ್ಲಿ ಸೋರುತ್ತಿದೆ ಅನ್ನುವಷ್ಟು ಸಣ್ಣ ಮಾತು.

ಹದಿನಾಲ್ಕು ವರ್ಷ ಕಳೆದ ಮೇಲೆ, 2012ರಲ್ಲಿ, ಲಂಡನ್ನಿನ ಸಂಸತ್ತು ‘ವೆಲ್ಫೇರ್ ರಿಫಾರ್ಮ್’ ಕಾಯ್ದೆ ತಂದಿತು. ಹಿಂದೆ ಬೇರೆ ಬೇರೆಯಾಗಿದ್ದ ಆರು ಸಹಾಯಧನಗಳನ್ನು ಒಟ್ಟುಗೂಡಿಸಿ ‘ಯೂನಿವರ್ಸಲ್ ಕ್ರೆಡಿಟ್’ ಅಂತ ಮಾಡಿತು. ಅಂಗವಿಕಲರ ಹಳೆಯ ಭತ್ಯೆ ತೆಗೆದು ‘ಪಿಪ್’ ಎಂಬ ಹೊಸದನ್ನು ಇಟ್ಟಿತು. ಸರ್ಕಾರಿ ಬಾಡಿಗೆ ಮನೆಯಲ್ಲಿ ಒಂದು ರೂಮು ಜಾಸ್ತಿ ಇದ್ದರೆ ಬಾಡಿಗೆ ನೆರವಿನಲ್ಲಿ ಶೇ. 14 ಕಡಿತ, ಎರಡು ಜಾಸ್ತಿ ಇದ್ದರೆ ಶೇ. 25. ಜನ ಇದಕ್ಕೆ ‘ಬೆಡ್‌ರೂಮ್ ಟ್ಯಾಕ್ಸ್’ ಅಂತ ಹೆಸರಿಟ್ಟರು. ಒಂದು ಮನೆಗೆ ಒಟ್ಟು ಇಷ್ಟೇ ಸಹಾಯಧನ ಅಂತ ಮಿತಿಯೂ ಬಂತು. ಸುಧಾರಣೆ ಅಂತ ಸರ್ಕಾರ ಹೇಳಿದಾಗೆಲ್ಲ ಬಡವರು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಇಲ್ಲೂ ಹಾಗೇ ಆಯಿತು.

ಕಾಗದದ ಮೇಲೆ ಉತ್ತರ ಐರ್ಲೆಂಡಿಗೆ ತನ್ನದೇ ಕಲ್ಯಾಣ ಕಾನೂನು ಮಾಡುವ ಅಧಿಕಾರ ಇದೆ. ಬೆಲ್‌ಫಾಸ್ಟಿನ ಸ್ಟಾರ್ಮಂಟ್‌ನಲ್ಲಿರುವ ಅದರ ವಿಧಾನಸಭೆ ಬೇಕಾದರೆ ಬೇರೆ ನಿಯಮ ಬರೆಯಬಹುದು. ಆದರೆ ಹಣದ ಚೀಲದ ದಾರ ಲಂಡನ್ನಿನ ಕೈಯಲ್ಲಿದೆ. ಬ್ರಿಟನ್ನಿನಷ್ಟೇ ಕೊಟ್ಟರೆ ಪೂರ್ತಿ ಖರ್ಚು ಲಂಡನ್ನಿನದು. ಒಂದು ಪೌಂಡ್ ಜಾಸ್ತಿ ಕೊಟ್ಟರೂ ಅದು ಸ್ಟಾರ್ಮಂಟ್‌ನ ಸ್ವಂತ ಬಜೆಟ್ಟಿನಿಂದ ಹೋಗಬೇಕು. ಆಸ್ಪತ್ರೆ, ಶಾಲೆ, ರಸ್ತೆ ಎಲ್ಲ ನಡೆಯುವುದೂ ಅದೇ ಬಜೆಟ್ಟಿನಲ್ಲಿ.

ಹಿಂಸೆಯಿಂದ ಎದ್ದು ನಿಲ್ಲುತ್ತಿರುವ ನಾಡಿಗೆ ಕಲ್ಯಾಣ ನಿಯಮಗಳಲ್ಲಿ ರಿಯಾಯಿತಿ ಕೊಡಬೇಕೇ, ಅಥವಾ ಲಿವರ್‌ಪೂಲಿನ ಬಡವರಿಗೆ ಇರುವ ನಿಯಮವೇ ಬೆಲ್‌ಫಾಸ್ಟಿನ ಬಡವರಿಗೂ ಸಾಕೇ? ಎರಡೂ ಕಡೆಯ ವಕಾಲತ್ತು ನಾನೇ ಮಾಡುತ್ತೇನೆ. ಒಂದು ಕಡೆಗೆ ಮನಸ್ಸು ಜಾಸ್ತಿ ವಾಲುವುದು ನಿಮಗೆ ಕಾಣಿಸಿದರೆ ಕಾಣಲಿ.

ಪರ: ಬೇಕು, ಆ ನೆಲದ ಕಥೆಯೇ ಬೇರೆ

ಉತ್ತರ ಐರ್ಲೆಂಡಿನ ಗಲಭೆ ಯಾವುದರಿಂದ ಶುರುವಾಯಿತು ಅಂತ ಕೇಳಿದರೆ ಹೆಚ್ಚಿನವರು ಧರ್ಮ ಅನ್ನುತ್ತಾರೆ, ಇಲ್ಲವೇ ಗಡಿ ಅನ್ನುತ್ತಾರೆ. ನಾನು ಒಂದು ಸರ್ಕಾರಿ ಮನೆಯಿಂದ ಶುರು ಮಾಡುತ್ತೇನೆ.

1968ರ ಜೂನ್. ಟೈರೋನ್ ಕೌಂಟಿಯ ಕ್ಯಾಲಿಡನ್ ಎಂಬ ಹಳ್ಳಿ. ಕೌನ್ಸಿಲ್ ಕಟ್ಟಿಸಿದ ಹೊಸ ಮನೆಯೊಂದು ಮದುವೆಯಾಗದ, 19 ವರ್ಷದ ಪ್ರೊಟೆಸ್ಟೆಂಟ್ ಯುವತಿಗೆ ಸಿಕ್ಕಿತು. ಪಕ್ಕದ ಮನೆಯೊಳಗೆ ಸೇರಿಕೊಂಡಿದ್ದ, ಮಕ್ಕಳಿದ್ದ ಕ್ಯಾಥೊಲಿಕ್ ಕುಟುಂಬವನ್ನು ಅದೇ ವಾರ ಹೊರಗೆ ಹಾಕಲಾಯಿತು. ಆಸ್ಟಿನ್ ಕರಿ ಎಂಬ ನ್ಯಾಷನಲಿಸ್ಟ್ (ಐರ್ಲೆಂಡಿಗೆ ಸೇರಬೇಕು ಅನ್ನುವ ಕಡೆಯ) ಶಾಸಕ ಯುವತಿಗೆ ಕೊಟ್ಟಿದ್ದ ಮನೆಯೊಳಗೆ ಹೋಗಿ ಕೂತುಬಿಟ್ಟರು. ಪೊಲೀಸರು ಬಂದು ಎಬ್ಬಿಸಬೇಕಾಯಿತು. ಎರಡು ತಿಂಗಳಲ್ಲಿ ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ಗೆ ಮೊದಲ ನಾಗರಿಕ ಹಕ್ಕುಗಳ ಮೆರವಣಿಗೆ ಹೊರಟಿತು. ಅಕ್ಟೋಬರ್ 5ರಂದು ಡೆರಿಯಲ್ಲಿ ಇನ್ನೊಂದು ಮೆರವಣಿಗೆ, ಅದರ ಮೇಲೆ ಪೊಲೀಸರ ಲಾಠಿ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು.

ಒಂದು ಮನೆಗೆ ಇಷ್ಟೊಂದು ಗಲಾಟೆಯೇ ಅಂತ ಅನ್ನಿಸಬಹುದು. ಆಗ ಸ್ಥಳೀಯ ಚುನಾವಣೆಯಲ್ಲಿ ವೋಟು ಇದ್ದದ್ದು ಮನೆ ಇದ್ದವರಿಗೆ. ಮನೆಯ ಮಾಲೀಕ ಅಥವಾ ಬಾಡಿಗೆದಾರ, ಜೊತೆಗೆ ಅವರ ಗಂಡ ಅಥವಾ ಹೆಂಡತಿ. ಅಪ್ಪನ ಮನೆಯಲ್ಲೇ ಇರುವ ಮದುವೆಯಾದ ಮಗನಿಗೆ ವೋಟಿಲ್ಲ. ಹಾಗಾಗಿ ಕ್ಯಾಥೊಲಿಕರಿಗೆ ಮನೆ ಕೊಡದಿದ್ದರೆ ವೋಟನ್ನೂ ಕೊಟ್ಟಂತಾಗುವುದಿಲ್ಲ. ಮನೆ ಹಂಚುವ ಗುಮಾಸ್ತನೇ ಅಲ್ಲಿ ಚುನಾವಣಾ ಆಯೋಗ. ಈ ಅಧಿಕಾರವನ್ನು ಕೌನ್ಸಿಲ್‌ಗಳಿಂದ ಕಿತ್ತುಕೊಂಡು 1971ರಲ್ಲಿ ‘ಹೌಸಿಂಗ್ ಎಕ್ಸಿಕ್ಯುಟಿವ್’ ಎಂಬ ಬೇರೆ ಸಂಸ್ಥೆಗೆ ಕೊಡಬೇಕಾಯಿತು.

ಅದೇ 1971ರ ಆಗಸ್ಟ್‌ನಲ್ಲಿ ವಿಚಾರಣೆಯಿಲ್ಲದೆ ಜನರನ್ನು ಹಿಡಿದು ಒಳಗೆ ಹಾಕುವುದು ಶುರುವಾಯಿತು. ಪ್ರತಿಭಟನೆಗಾಗಿ ಸಾವಿರಾರು ಕುಟುಂಬಗಳು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದವು. ಸರ್ಕಾರ ಏನು ಮಾಡಿತು? ಬಾಕಿಯನ್ನು ಅವರ ಸಹಾಯಧನದಿಂದಲೇ ಮುರಿದುಕೊಳ್ಳುವ ಕಾಯ್ದೆ ತಂದಿತು. ಮಕ್ಕಳ ಹೊಟ್ಟೆಗೆ ಅಂತ ಬರುವ ಹಣ ರಾಜಕೀಯ ಶಿಕ್ಷೆಯ ಕೋಲಾಯಿತು. ಇದನ್ನು ಕಂಡ ಬೀದಿಗಳಲ್ಲಿ ಲಂಡನ್ನಿನ ಯಾವುದೇ ಕಡಿತವೂ ಸುಮ್ನೆ ಒಂದು ಬಜೆಟ್ ಲೆಕ್ಕವಾಗಿ ಕಾಣುವುದಿಲ್ಲ. ಸಂಸತ್ತಿನಲ್ಲಿ ಕೂತು ಕಾಯ್ದೆ ಬರೆದವರಿಗೆ ಈ ನೆನಪು ಇರಲಿಲ್ಲ. ಇರಬೇಕು ಅಂತ ಅವರಿಗೆ ಅನ್ನಿಸಿಯೂ ಇರಲಾರದು.

ಈಗ ಬೆಡ್‌ರೂಮ್ ಟ್ಯಾಕ್ಸ್‌ಗೆ ಬನ್ನಿ. ಇದರ ಹಿಂದಿನ ಯೋಚನೆ ಸರಳ. ಮಕ್ಕಳು ದೊಡ್ಡವರಾಗಿ ಹೊರಟರು, ಎರಡು ರೂಮು ಖಾಲಿ. ಚಿಕ್ಕ ಮನೆಗೆ ಹೋಗಿ, ದೊಡ್ಡದನ್ನು ಬೇರೆ ಕುಟುಂಬಕ್ಕೆ ಬಿಡಿ. ಹೋಗದಿದ್ದರೆ ವ್ಯತ್ಯಾಸ ನೀವೇ ಕಟ್ಟಿ. ಲೆಕ್ಕ ಸರಿ ಇದೆ, ಆದರೆ ಒಂದು ಷರತ್ತು: ಹೋಗಲು ಚಿಕ್ಕ ಮನೆ ಇರಬೇಕು, ಅಲ್ಲಿಗೆ ಹೋಗುವ ಹಾಗಿರಬೇಕು. ಉತ್ತರ ಐರ್ಲೆಂಡಿನಲ್ಲಿ ಸರ್ಕಾರಿ ಮನೆಗಳ ಬಡಾವಣೆಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಒಂದೇ ಕೋಮಿನವು. ಕಟ್ಟಿದ್ದೆಲ್ಲ ಸಂಸಾರಸ್ಥರಿಗೆ, ಮೂರು ಬೆಡ್‌ರೂಮಿನ ಮನೆಗಳೇ ಜಾಸ್ತಿ. ಒಂದು ರೂಮಿನ ಮನೆ ಹುಡುಕಿದರೆ ಅದು ಗೋಡೆಯ ಆಚೆ ಇರಬಹುದು.

ಗೋಡೆ ಅಂದಿದ್ದು ಮಾತಿಗಲ್ಲ. 1969ರಲ್ಲಿ ಬೆಲ್‌ಫಾಸ್ಟಿನ ಬೀದಿಗಳ ನಡುವೆ ಸೈನ್ಯ ತಾತ್ಕಾಲಿಕ ಅಂತ ಎಬ್ಬಿಸಿದ ಬೇಲಿ ಆಮೇಲೆ ಇಟ್ಟಿಗೆಯಾಯಿತು, ಉಕ್ಕಿನ ತಗಡಾಯಿತು, ಎರಡಂತಸ್ತಿನ ಮನೆಗಿಂತ ಎತ್ತರವಾಯಿತು. ಇವಕ್ಕೆ ‘ಪೀಸ್ ವಾಲ್’ ಅಂತ ಹೆಸರು, ಶಾಂತಿಯ ಗೋಡೆ! ಕೆಲವು ಗೋಡೆಗಳು ಎದ್ದದ್ದೇ ಶಾಂತಿ ಒಪ್ಪಂದದ ನಂತರ. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆ ಅಂತ 2013ರಲ್ಲಿ ಸರ್ಕಾರ ಮಾತು ಕೊಟ್ಟಿತ್ತು. ಗೋಡೆಗಳು ಇನ್ನೂ ನಿಂತಿವೆ. ಎಪ್ಪತ್ತರ ದಶಕದಲ್ಲಿ ಮನೆಗೆ ಬೆಂಕಿ ಬಿದ್ದು ಓಡಿಬಂದ ಒಬ್ಬ ವಿಧವೆ ಇದ್ದಾರೆ ಅಂದುಕೊಳ್ಳಿ. ಅವರಿಗೆ ಈಗ ‘ನಿಮ್ಮ ಒಂದು ರೂಮು ಖಾಲಿ ಇದೆ, ಆಚೆ ಬದಿಯಲ್ಲಿ ಚಿಕ್ಕ ಫ್ಲಾಟ್ ಇದೆ, ಹೋಗಿ’ ಅಂತ ಯಾರು ಹೇಳುತ್ತೀರಿ? ಲಿವರ್‌ಪೂಲಿನಲ್ಲಿ ಇದು ಮನೆ ಬದಲಾಯಿಸುವ ಕಿರಿಕಿರಿ. ಇಲ್ಲಿ ಪ್ರಾಣಭಯ. ಎರಡೂ ಕಡೆ ಕಾನೂನಿನ ಅಕ್ಷರ ಒಂದೇ, ಅದು ಬಡವರಿಂದ ಕೇಳುವ ಬೆಲೆ ಒಂದಲ್ಲ.

ಅಂಗವಿಕಲರ ಭತ್ಯೆಯ ಕಥೆ ಇದಕ್ಕಿಂತ ಕಷ್ಟದ್ದು. ಹಳೆಯ ಭತ್ಯೆ ಪಡೆಯುತ್ತಿದ್ದವರ ಪ್ರಮಾಣ ಇಲ್ಲಿ ಬ್ರಿಟನ್ನಿನ ಸುಮಾರು ದುಪ್ಪಟ್ಟು. ಇದನ್ನು ನೋಡಿ ‘ಸೋಮಾರಿಗಳು’ ಅನ್ನುವವರು ಇದ್ದಾರೆ. ಅಲ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ಸಮೀಕ್ಷೆಯ ಪ್ರಕಾರ ಇಲ್ಲಿನ ಜನರಲ್ಲಿ ಶೇ. 39ರಷ್ಟು ಮಂದಿ ಸಂಘರ್ಷಕ್ಕೆ ಸಂಬಂಧಿಸಿದ ಆಘಾತಕಾರಿ ಘಟನೆಯನ್ನು ಅನುಭವಿಸಿದ್ದಾರೆ. ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಯ ಪ್ರಮಾಣವೂ ಅಂಥ ಸಮೀಕ್ಷೆ ನಡೆದ ದೇಶಗಳ ಪೈಕಿ ತೀರಾ ಮೇಲಿತ್ತು. ಮಂಡಿಗೆ ಗುಂಡು ಹೊಡೆಸಿಕೊಂಡವನ ಕಾಲು ಕಣ್ಣಿಗೆ ಕಾಣುತ್ತದೆ. ಬಾಂಬ್ ಸಿಡಿದ ಬೀದಿಯಲ್ಲಿ ಅಂದು ಹತ್ತು ವರ್ಷದವಳಾಗಿದ್ದು ಇವತ್ತಿಗೂ ಬಸ್ಸು ಹತ್ತಲಾಗದವಳ ಕಾಯಿಲೆ ಕಾಣುವುದಿಲ್ಲ.

ಪಿಪ್ ಪರೀಕ್ಷೆ ಇರುವುದು ಪಾಯಿಂಟ್‌ಗಳ ಮೇಲೆ. ಅಡುಗೆ ಮಾಡಿಕೊಳ್ಳಬಲ್ಲಿರಾ, ಸ್ನಾನ ಮಾಡಬಲ್ಲಿರಾ, ಬಟ್ಟೆ ಹಾಕಿಕೊಳ್ಳಬಲ್ಲಿರಾ, ಒಬ್ಬರೇ ಹೊರಗೆ ಹೋಗಬಲ್ಲಿರಾ. 8 ಪಾಯಿಂಟ್ ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ, ಕಡಿಮೆ ಬಿದ್ದರೆ ಏನೂ ಇಲ್ಲ. ಖಾಸಗಿ ಕಂಪನಿಯ ಸಿಬ್ಬಂದಿಯ ಮುಂದೆ, ಮೊದಲ ಭೇಟಿಯಲ್ಲೇ, ಮೂವತ್ತು ವರ್ಷ ಹೆಂಡತಿಗೂ ಹೇಳದ್ದನ್ನು ಹೇಳಬೇಕು. ಯಾರು ಹೊಡೆದರು, ಯಾಕೆ ಹೊಡೆದರು ಅಂತ ಬಾಯಿಬಿಡದೇ ಬದುಕುಳಿದ ಊರಿನಲ್ಲಿ ಮೌನವೇ ಬದುಕುವ ವಿದ್ಯೆಯಾಗಿತ್ತು. ಈ ಪರೀಕ್ಷೆಗಳ ನಿರ್ವಹಣೆಯಲ್ಲಿ ವ್ಯವಸ್ಥೆಯ ಮಟ್ಟದ ಲೋಪ ಇದೆ ಅಂತ ಅಲ್ಲಿನ ಓಂಬುಡ್ಸ್‌ಮನ್, ಅಂದರೆ ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ, 2021ರಲ್ಲಿ ವರದಿ ಕೊಟ್ಟರು. ವೈದ್ಯರ ಹತ್ತಿರ ಹೆಚ್ಚಿನ ದಾಖಲೆ ಕೇಳದೇ ಅರ್ಜಿ ತಳ್ಳಿಹಾಕಿದ್ದು ಅದರಲ್ಲಿದ್ದ ಮುಖ್ಯ ದೂರುಗಳಲ್ಲಿ ಒಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ಸರಿ. ಮನಸ್ಸಿನ ಹುಣ್ಣಿಗೆ ಏನು ಹಿಡಿಯುತ್ತೀರಿ?

ಹಣದ ಲೆಕ್ಕ ನೋಡಿ. ಶೆಫೀಲ್ಡ್ ಹಾಲಮ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು 2013ರಲ್ಲಿ ಲೆಕ್ಕ ಹಾಕಿದರು. ಈ ಸುಧಾರಣೆಗಳಿಂದ ವರ್ಷಕ್ಕೆ 75 ಕೋಟಿ ಪೌಂಡ್ ಉತ್ತರ ಐರ್ಲೆಂಡಿನಿಂದ ಹೊರಹೋಗುತ್ತದೆ ಅಂತ ಅವರು ಹೇಳಿದರು. ದುಡಿಯುವ ವಯಸ್ಸಿನ ಪ್ರತಿ ವಯಸ್ಕರಿಗೆ ವರ್ಷಕ್ಕೆ 650 ಪೌಂಡ್ ನಷ್ಟ. ಬೆಲ್‌ಫಾಸ್ಟಿನಲ್ಲಿ ಇನ್ನೂ ಜಾಸ್ತಿ. ಈ ಹಣ ಬ್ಯಾಂಕಿನಲ್ಲಿ ಕೂರುವ ಹಣವಲ್ಲ, ಬೀದಿಯ ಅಂಗಡಿಗೆ ಹೋಗುವ ಹಣ. ಗಲಭೆಯಲ್ಲಿ ಅತಿ ಹೆಚ್ಚು ಸಾವು ಕಂಡ ಪಶ್ಚಿಮ ಮತ್ತು ಉತ್ತರ ಬೆಲ್‌ಫಾಸ್ಟಿನ ವಾರ್ಡುಗಳೇ ಇವತ್ತೂ ಬಡತನದ ಪಟ್ಟಿಯಲ್ಲಿ ಮುಂದಿವೆ. ಇನ್ನೊಂದು ವಿಷಯ. ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಮೊದಲ ಹಣ ಬರಲು ಐದು ವಾರ. ಆ ಐದು ವಾರದಲ್ಲಿ ಕೈಗಡ ಯಾರು ಕೊಡುತ್ತಾರೆ? ಕೆಲವು ಬಡಾವಣೆಗಳಲ್ಲಿ ಉತ್ತರ ಒಂದೇ: ಹಳೆಯ ಸಶಸ್ತ್ರ ಗುಂಪುಗಳ ಬಾಲಂಗೋಚಿಗಳು. ಬಡ್ಡಿ ಕಟ್ಟಲಾಗದಿದ್ದರೆ ಅವರು ಹೇಳಿದ ಕೆಲಸ ಮಾಡಬೇಕು. ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಯಾರು ಬಂದು ನಿಲ್ಲುತ್ತಾರೆ ಅನ್ನುವುದು ಇಂಥ ನಾಡಿನಲ್ಲಿ ಶಾಂತಿಯ ಪ್ರಶ್ನೆ.

ಹಾಗಾಗಿ ಸ್ಟಾರ್ಮಂಟ್ ಬೇಗ ಒಪ್ಪದೇ ಜಗ್ಗಾಡಿದ್ದು ಸರಿ. 2012ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಸುಧಾರಣೆಗಳನ್ನು ಇಲ್ಲೂ ತರುವ ಮಸೂದೆ ಸಭೆಗೆ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎರಡೂವರೆ ವರ್ಷ ಹಾಗೇ ಹೋಯಿತು. ತಡ ಮಾಡಿದ್ದಕ್ಕೆ ದಂಡವಾಗಿ ಲಂಡನ್ನಿನ ಖಜಾನೆ ಸ್ಟಾರ್ಮಂಟ್‌ಗೆ ಕೊಡುವ ಹಣದಿಂದ 2014-15ರಲ್ಲಿ 8.7 ಕೋಟಿ ಪೌಂಡ್, ಮರುವರ್ಷ 11.4 ಕೋಟಿ ಪೌಂಡ್ ಮುರಿದುಕೊಂಡಿತು. 2015ರ ಮೇ 26ರಂದು, ಐರ್ಲೆಂಡಿಗೆ ಸೇರಬೇಕು ಅನ್ನುವ ಶಿನ್ ಫೇನ್ ಮತ್ತು ಎಸ್‌ಡಿಎಲ್‌ಪಿ ಪಕ್ಷಗಳು ಮಸೂದೆಯನ್ನು ತಡೆದವು. ಕೊನೆಗೆ ಅದೇ ವರ್ಷ ನವೆಂಬರ್ 17ರ ‘ಫ್ರೆಶ್ ಸ್ಟಾರ್ಟ್’ ಒಪ್ಪಂದದಲ್ಲಿ ದಾರಿ ಸಿಕ್ಕಿತು. ನಿಯಮ ಬ್ರಿಟನ್ನಿನದೇ, ಆದರೆ ಹೊಡೆತ ತಗ್ಗಿಸಲು ನಾಲ್ಕು ವರ್ಷಕ್ಕೆ 58.5 ಕೋಟಿ ಪೌಂಡ್ ಸ್ಟಾರ್ಮಂಟ್ ಕೊಡಬೇಕು. ಪ್ರೊಫೆಸರ್ ಐಲೀನ್ ಎವಾಸನ್ ಅವರ ತಂಡ 2016ರ ಜನವರಿಯಲ್ಲಿ ವಿವರ ಬರೆದುಕೊಟ್ಟಿತು. ಬೆಡ್‌ರೂಮ್ ಟ್ಯಾಕ್ಸ್ ಪೂರ್ತಿ ಭರಿಸಬೇಕು. ಪಿಪ್‌ನಲ್ಲಿ ಸೋತವರಿಗೆ ಸ್ವಲ್ಪ ಕಾಲದ ಆಸರೆ ಕೊಡಬೇಕು. ಸಂಘರ್ಷದಲ್ಲಿ ಗಾಯಗೊಂಡು ಸ್ವಲ್ಪದರಲ್ಲಿ ಪಿಪ್ ತಪ್ಪಿದವರಿಗೆ 4 ಪಾಯಿಂಟ್ ಹೆಚ್ಚುವರಿ ಕೊಡಬೇಕು.

ಆ ನಾಲ್ಕು ಪಾಯಿಂಟ್ ನನಗೆ ಬಹಳ ಇಷ್ಟವಾದ ವಿವರ. ಒಂದು ಸರ್ಕಾರಿ ಫಾರಂ ‘ನಿಮಗೆ ಏನೋ ಆಗಿದೆ ಅಂತ ನಮಗೆ ಗೊತ್ತು’ ಅಂತ ಹೇಳಿದ್ದು ಅದೊಂದೇ ಕಡೆ.

ಯೂನಿವರ್ಸಲ್ ಕ್ರೆಡಿಟ್ ಇಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಲಿಮವಾಡಿ ಎಂಬ ಊರಿನಿಂದ ಶುರುವಾಯಿತು. ಬ್ರಿಟನ್ನಿನಲ್ಲಿ ತಿಂಗಳಿಗೊಮ್ಮೆ ಬರುವ ಹಣ ಇಲ್ಲಿ ತಿಂಗಳಿಗೆ ಎರಡು ಸಲ ಬರುತ್ತದೆ. ಬಾಡಿಗೆಯ ಭಾಗ ನೇರ ಮನೆ ಮಾಲೀಕರಿಗೆ ಹೋಗುತ್ತದೆ. ಇದರಿಂದ ಯಾರ ಖಜಾನೆಯೂ ಮುಳುಗಲಿಲ್ಲ. ಬೇರೆ ನಿಯಮ ಬಂದರೆ ಆಕಾಶ ಕಳಚಿ ಬೀಳುತ್ತದೆ ಅನ್ನುವವರಿಗೆ ಇದನ್ನು ತೋರಿಸಬೇಕು.

ವಿರೋಧ: ಬೇಡ, ಇದು ಗೋಡೆಗೆ ಕಟ್ಟುವ ಬಾಡಿಗೆ

ಕಡಿತ ಒಳ್ಳೆಯದು ಅಂತ ವಾದಿಸುವುದು ನನ್ನ ಕೆಲಸವಲ್ಲ. ಬೆಡ್‌ರೂಮ್ ಟ್ಯಾಕ್ಸ್ ಕೆಟ್ಟ ನಿಯಮ, ಎಲ್ಲಿದ್ದರೂ ಕೆಟ್ಟದ್ದೇ. ಸ್ಕಾಟ್ಲೆಂಡಿನಲ್ಲಿ ಮೂವತ್ತು ವರ್ಷದ ಹಿಂಸೆ ನಡೆದಿರಲಿಲ್ಲ. ಆದರೂ ಅಲ್ಲಿನ ಸರ್ಕಾರ ಅದನ್ನು ತನ್ನ ಜೇಬಿನಿಂದ ಭರಿಸಿತು. ಅದಕ್ಕೆ ಯಾವ ಗೋಡೆಯ ನೆಪವೂ ಬೇಕಾಗಲಿಲ್ಲ. ಬಡವರಿಗೆ ಅನ್ಯಾಯ ಅಂದರು, ಕೊಟ್ಟರು, ಮುಗಿಯಿತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ‘ನಮ್ಮ ಕಥೆ ಬೇರೆ’ ಅನ್ನಬೇಕಾಯಿತು. ಬಡತನಕ್ಕೆ ನೆರವು ಕೊಡಲು ಹಳೆಯ ಗಾಯದ ಸರ್ಟಿಫಿಕೇಟು ಬೇಕು ಅಂತಾದರೆ ಬೇರೆ ಬಡವರ ಗತಿ ಏನು? ಗ್ಲಾಸ್ಗೋದಲ್ಲಿ ಹಡಗುಕಟ್ಟೆ ಮುಚ್ಚಿ ಬೀದಿಗೆ ಬಿದ್ದವನ ಖಿನ್ನತೆ ಅಗ್ಗದ್ದೇ?

ಬೇರೆ ನಿಯಮದ ಬೆಲೆ ಯಾರು ಕೊಟ್ಟರು ಅಂತಲೂ ಕೇಳಬೇಕು. 58.5 ಕೋಟಿ ಪೌಂಡ್ ಲಂಡನ್ನಿನಿಂದ ಬಂದದ್ದಲ್ಲ. ಸ್ಟಾರ್ಮಂಟ್‌ನ ಅದೇ ಬಜೆಟ್ಟಿನಿಂದ ಹೋಯಿತು. ದಂಡದ ಇಪ್ಪತ್ತು ಕೋಟಿಯೂ ಅಲ್ಲಿಂದಲೇ. ಇಡೀ ಬ್ರಿಟನ್ ಒಕ್ಕೂಟದಲ್ಲಿ ಆಸ್ಪತ್ರೆಗೆ ಅತಿ ಹೆಚ್ಚು ದಿನ ಕಾಯುವ ಪಟ್ಟಿ ಇರುವುದು ಉತ್ತರ ಐರ್ಲೆಂಡಿನಲ್ಲಿ. ಆ ಪಟ್ಟಿಯಲ್ಲಿ ಕಾಯುವವರೂ ಬಡವರೇ, ಹಣವಿದ್ದವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಬಡವನ ಎಡಗೈಯಿಂದ ಕಿತ್ತು ಬಲಗೈಗೆ ಕೊಟ್ಟು ‘ನೋಡಿ, ಕಾಪಾಡಿದೆವು’ ಅಂದರೆ ಹೇಗೆ? ಇನ್ನೊಂದು ಮಾತು ಯಾರೂ ಆಡುವುದಿಲ್ಲ. ಬ್ರಿಟನ್ನಿನ ಸಹಾಯಧನದ ಕಡತಗಳನ್ನು ನೋಡಿಕೊಳ್ಳುವ ಕೆಲಸ ಬೆಲ್‌ಫಾಸ್ಟ್ ಮತ್ತು ಡೆರಿಯ ಕಚೇರಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಅನ್ನ ಕೊಡುತ್ತಿತ್ತು. ವ್ಯವಸ್ಥೆ ಬೇರೆಯಾದರೆ ಆ ಕೆಲಸ ಉಳಿಯುತ್ತಿತ್ತೇ?

ಗೋಡೆಯ ವಾದ ಕೇಳಲು ಚೆನ್ನಾಗಿದೆ. ವಿಧವೆಗೆ ಆಚೆ ಬದಿಗೆ ಹೋಗಿ ಅನ್ನಬೇಡಿ, ಒಪ್ಪಿದೆ. ಆದರೆ 2017ರಿಂದ ಏನಾಗಿದೆ ನೋಡಿ. ಪ್ರತಿ ವರ್ಷ ಅವರ ಶೇ. 14 ಸರ್ಕಾರ ಕಟ್ಟುತ್ತದೆ. ಈಚೆ ಬದಿಯಲ್ಲೇ ಒಂದು ಚಿಕ್ಕ ಮನೆ ಕಟ್ಟುವ ಕೆಲಸ ಮಾತ್ರ ಕುಂಟುತ್ತಿದೆ. ಸರ್ಕಾರಿ ಮನೆಗೆ ಕಾಯುವ ಪಟ್ಟಿಯಲ್ಲಿ 45,000ಕ್ಕೂ ಹೆಚ್ಚು ಕುಟುಂಬಗಳಿವೆ. ಉತ್ತರ ಬೆಲ್‌ಫಾಸ್ಟಿನಲ್ಲಿ ಗೋಡೆಯ ಒಂದು ಬದಿ ಕ್ಯಾಥೊಲಿಕ್ ಕುಟುಂಬಗಳ ಉದ್ದನೆಯ ಸಾಲು, ಇನ್ನೊಂದು ಬದಿ ಖಾಲಿ ಜಾಗ. ಇದು ವರ್ಷಗಟ್ಟಲೆಯ ಕಥೆ. ಮನೆಗಳು ಕೋಮಿನ ಮೇಲೆ ಹಂಚಿಹೋಗಿವೆ ಅನ್ನುವುದೇ ರಿಯಾಯಿತಿಗೆ ಕಾರಣವಾದರೆ, ಹಂಚಿಹೋಗಿರುವಷ್ಟು ಕಾಲ ರಿಯಾಯಿತಿ. ಮತ ಕೇಳುವ ಪಕ್ಷಗಳಿಗೂ ಅದೇ ಬೇಕು. ಒಂದು ಬಡಾವಣೆ, ಒಂದೇ ಕೋಮು, ಖಾತ್ರಿ ವೋಟು. ಈ ವಿಭಜನೆಯ ಖರ್ಚು ವರ್ಷಕ್ಕೆ 150 ಕೋಟಿ ಪೌಂಡ್‌ವರೆಗೂ ಇರಬಹುದು ಅಂತ ಡೆಲಾಯ್ಟ್ ಸಂಸ್ಥೆ 2007ರಲ್ಲೇ ವರದಿ ಕೊಟ್ಟಿತ್ತು. ಎಲ್ಲವೂ ಎರಡೆರಡು: ಶಾಲೆ ಎರಡು, ಸಮುದಾಯ ಭವನ ಎರಡು, ಬಸ್ ಸ್ಟಾಪೂ ಎರಡು. ಆ ಲೆಕ್ಕದ ಮುಂದೆ ಬೆಡ್‌ರೂಮಿನ ಶೇ. 14 ಚಿಲ್ಲರೆ ಕಾಸು.

ಸಂಘರ್ಷಕ್ಕೆ ಅಂತ ವಿಶೇಷ ಕಲಂ ಇಟ್ಟರೆ ಅದನ್ನು ಯಾರು ಆಳುತ್ತಾರೆ ಅನ್ನುವುದಕ್ಕೆ ಅಲ್ಲೇ ಒಂದು ಪಾಠ ಇದೆ. ಮನೆ ಹಂಚಿಕೆಯಲ್ಲಿ ಬೆದರಿಕೆಗೆ ಒಳಗಾಗಿ ಓಡಿಬಂದವರಿಗೆ 200 ಪಾಯಿಂಟ್ ಕೊಡುವ ನಿಯಮ ಬಹಳ ವರ್ಷ ಇತ್ತು. ಒಂದೇ ಏಟಿಗೆ ಪಟ್ಟಿಯ ತುದಿಗೆ. ಉದ್ದೇಶ ಒಳ್ಳೆಯದೇ. ಆದರೆ ಬೆದರಿಕೆ ನಿಜವೋ ಸುಳ್ಳೋ ಅಂತ ಹೇಗೆ ತಿಳಿಯುವುದು? ಬೆದರಿಕೆ ಹಾಕುವ ಗುಂಪುಗಳ ಬಳಗದ ಕಡೆಯಿಂದಲೇ ಮಾತು ತಿಳಿದು ಬರಬೇಕಾಗಿತ್ತು. ಬೇಡದವರನ್ನು ಬೀದಿಯಿಂದ ಓಡಿಸಲು, ಬೇಕಾದವರಿಗೆ ಬೇಗ ಮನೆ ಕೊಡಿಸಲು ಈ ಪಾಯಿಂಟ್ ಬಳಕೆಯಾಗುತ್ತಿದೆ ಅನ್ನುವ ದೂರು ವರ್ಷಗಟ್ಟಲೆ ಇತ್ತು. ಅದೇ ಹೊತ್ತಿಗೆ ಗಂಡನ ಹೊಡೆತ ತಾಳದೆ ಮಗುವನ್ನೆತ್ತಿಕೊಂಡು ಹೊರಬಂದ ಹೆಂಗಸಿಗೆ ಆ 200 ಪಾಯಿಂಟ್ ಇಲ್ಲ. ಯಾಕೆಂದರೆ ಅವಳ ಭಯಕ್ಕೆ ರಾಜಕೀಯ ಬಣ್ಣ ಇಲ್ಲ. ಪರ ವಾದದಲ್ಲಿ ನಾನು ಮೆಚ್ಚಿದ ಆ ನಾಲ್ಕು ಪಾಯಿಂಟ್ ಈಗ ನನಗೇ ಮುಳ್ಳಾಗುತ್ತಿದೆ.

ಗಾಯಗೊಂಡವರಿಗೆ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಾಯಧನದ ಕಚೇರಿಯ ಕೌಂಟರಿನಲ್ಲಿ, ಕೃಪೆಯ ಪಾಯಿಂಟ್ ಆಗಿ ಅಲ್ಲ. ಹಕ್ಕಿನ ಪಿಂಚಣಿಯಾಗಿ ಕೊಡಬೇಕು. ಬೇರೆಯೇ ಆದ ಅಂಥ ಒಂದು ಯೋಜನೆ 2021ರ ಆಗಸ್ಟ್‌ನಲ್ಲಿ ತೆರೆಯಿತು. ತಮ್ಮ ತಪ್ಪಿಲ್ಲದೆ ಟ್ರಬಲ್ಸ್‌ನಲ್ಲಿ ಶಾಶ್ವತವಾಗಿ ಅಂಗವಿಕಲರಾದವರಿಗೆ ವರ್ಷಕ್ಕೆ ಸುಮಾರು 2,000ದಿಂದ 10,000 ಪೌಂಡ್. ಇದು ಸರಿಯಾದ ದಾರಿ. ಒಪ್ಪಂದವಾಗಿ ಇಪ್ಪತ್ಮೂರು ವರ್ಷ ಯಾಕೆ ಬೇಕಾಯಿತು? ಗಾಯಾಳು ಅಂದರೆ ಯಾರು ಅಂತ ಪಕ್ಷಗಳು ಒಪ್ಪಲಿಲ್ಲ. ಬಾಂಬ್ ಇಡಲು ಹೋಗಿ ತಾನೇ ಕೈ ಕಳೆದುಕೊಂಡವನೂ ಗಾಯಾಳುವೇ ಅನ್ನುವ ಜಗಳದಲ್ಲಿ, ಅಂಗಡಿಗೆ ಹೋಗಿ ಕಾಲು ಕಳೆದುಕೊಂಡವರು ಮುದುಕರಾದರು. ಕೆಲವರು ತೀರಿಯೂ ಹೋದರು. ಸಹಾಯಧನದಲ್ಲಿ ಸಣ್ಣ ಸಣ್ಣ ರಿಯಾಯಿತಿ ಇದ್ದಷ್ಟು ದಿನ ಈ ದೊಡ್ಡ ಪ್ರಶ್ನೆಯನ್ನು ಮುಂದೂಡಲು ಸುಲಭವಾಯಿತು ಅನ್ನುವುದು ನನ್ನ ಗುಮಾನಿ.

ಆ 58.5 ಕೋಟಿ ಪೌಂಡ್‌ನ ಪ್ಯಾಕೇಜಿನ ಒಳಗೆ ಇಣುಕಿ ನೋಡಿದರೆ ಬೇಸರವಾಗುತ್ತದೆ. ಅದು ಬಹುಪಾಲು ಆಗಲೇ ಪಟ್ಟಿಯಲ್ಲಿದ್ದು ಕಳೆದುಕೊಂಡವರಿಗೆ. ಆಮೇಲೆ ಬಡವರಾದವರಿಗೆ, ಆಮೇಲೆ ಕಾಯಿಲೆ ಬಿದ್ದವರಿಗೆ ಹೆಚ್ಚೇನೂ ಇಲ್ಲ. ಮೊದಲ ವರ್ಷಗಳಲ್ಲಿ ಎತ್ತಿಟ್ಟ ಹಣದ ದೊಡ್ಡ ಭಾಗ ಖರ್ಚಾಗದೇ ಉಳಿಯಿತು. ಎವಾಸನ್ ತಂಡದ ಒಂದು ಒಳ್ಳೆಯ ಸಲಹೆ ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಕೆಲಸಕ್ಕೆ ಹೋಗುವ ಖರ್ಚಿಗೆ ಅಂತ ಒಂದು ಭತ್ಯೆ. ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವುದು, ಬಸ್ಸಿನ ಚಾರ್ಜು, ಇಂಥದ್ದಕ್ಕೆ. ಅದು ಜಾರಿಯಾಗಲೇ ಇಲ್ಲ. ಸುಮ್ಮನೆ ಕೂತಿದ್ದರೆ ನೆರವು, ಎದ್ದು ಹೊರಟರೆ ಇಲ್ಲ ಅನ್ನುವ ಹಾಗಾಯಿತು. ದುಡಿಯುವ ವಯಸ್ಸಿನವರಲ್ಲಿ ನಾಲ್ಕರಲ್ಲೊಬ್ಬರಿಗೂ ಹೆಚ್ಚು ಮಂದಿ ಕೆಲಸದಲ್ಲೂ ಇಲ್ಲದ, ಕೆಲಸ ಹುಡುಕುತ್ತಲೂ ಇಲ್ಲದ ನಾಡು ಅದು. ಅಲ್ಲಿ ಮೊದಲು ಬೇಕಿದ್ದದ್ದು ಅದೊಂದು ಭತ್ಯೆಯೇ.

2017ರ ಏಪ್ರಿಲ್‌ನಲ್ಲಿ ಲಂಡನ್ ಇನ್ನೊಂದು ಮಿತಿ ತಂದಿತು: ಸಹಾಯಧನ ಎರಡು ಮಕ್ಕಳಿಗೆ ಮಾತ್ರ. ಉತ್ತರ ಐರ್ಲೆಂಡಿನಲ್ಲಿ ಸಂಸಾರಗಳು ದೊಡ್ಡವು. ಮೂರನೇ ಮಗುವಿಗೆ ಪ್ಯಾಕೇಜು ಏನೂ ಕೊಡಲಿಲ್ಲ. ಒಪ್ಪಂದದ ಎಷ್ಟೋ ವರ್ಷಗಳ ನಂತರ ಹುಟ್ಟಿದ ಮಗು ಅದು. ಸ್ಕಾಟ್ಲೆಂಡ್ 2021ರಲ್ಲಿ ಬಡ ಕುಟುಂಬದ ಆರು ವರ್ಷದೊಳಗಿನ ಪ್ರತಿ ಮಗುವಿಗೆ ವಾರದ ಭತ್ಯೆ ಶುರು ಮಾಡಿತು, 2022ರ ನವೆಂಬರ್‌ಗೆ ಅದನ್ನು 16 ವರ್ಷದೊಳಗಿನವರಿಗೂ ವಿಸ್ತರಿಸಿ 25 ಪೌಂಡ್‌ಗೆ ಏರಿಸಿತು. ಅಲ್ಲಿನವರು ಮಕ್ಕಳ ಕಡೆ ನೋಡಿ ಖರ್ಚು ಮಾಡಿದರು. ಇಲ್ಲಿನವರು 2012ರ ಜಗಳದ ಕಡೆ ನೋಡಿ ಖರ್ಚು ಮಾಡಿದರು.

ರಾಜಕೀಯದ ಮುಖವನ್ನೂ ನೋಡಿಬಿಡಿ. 2015ರ ಮೇನಲ್ಲಿ ಮಸೂದೆಗೆ ಸಭೆಯಲ್ಲಿ ಬಹುಮತ ಇತ್ತು. ಅದನ್ನು ತಡೆದದ್ದು ‘ಪೆಟಿಷನ್ ಆಫ್ ಕನ್ಸರ್ನ್’ ಎಂಬ ಅಸ್ತ್ರ. ಆಗಿನ 108 ಸದಸ್ಯರಲ್ಲಿ 30 ಜನ ಸಹಿ ಹಾಕಿದರೆ ಎರಡೂ ಕೋಮಿನ ಬೆಂಬಲವಿಲ್ಲದೆ ಮಸೂದೆ ಪಾಸಾಗುತ್ತಿರಲಿಲ್ಲ. ಒಂದು ಕೋಮು ಇನ್ನೊಂದನ್ನು ತುಳಿಯಬಾರದು ಅಂತ ಶಾಂತಿ ಒಪ್ಪಂದದಲ್ಲಿ ಇಟ್ಟ ಕತ್ತಿ ಅದು. ಬಡತನಕ್ಕೆ ಕೋಮು ಇಲ್ಲ, ಶ್ಯಾಂಕಿಲ್ ರಸ್ತೆಯ ಪ್ರೊಟೆಸ್ಟೆಂಟ್ ಬಡವನಿಗೂ ಫಾಲ್ಸ್ ರಸ್ತೆಯ ಕ್ಯಾಥೊಲಿಕ್ ಬಡವನಿಗೂ ಶೇ. 14 ಒಂದೇ. ಆದರೂ ಆ ಕತ್ತಿಯನ್ನೇ ಎತ್ತಿದರು. ಆರು ತಿಂಗಳು ಕಳೆದು ಏನಾಯಿತು? ನೀವೇ ಕಾನೂನು ಮಾಡಿ ಅಂತ ಸ್ಟಾರ್ಮಂಟ್ ಲಂಡನ್ನಿಗೆ ಅಧಿಕಾರ ಒಪ್ಪಿಸಿತು. ಲಂಡನ್ನಿನ ಆಳ್ವಿಕೆಯೇ ಬೇಡ ಅನ್ನುವ ಶಿನ್ ಫೇನ್ ಕೂಡ ಒಪ್ಪಿಕೊಂಡಿತು. ಕಡಿತದ ಪಾಪ ಲಂಡನ್ನಿಗೆ, ರಿಯಾಯಿತಿಯ ಪುಣ್ಯ ತಮಗೆ. ಆಮೇಲೆ 2017ರಿಂದ 2020ರವರೆಗೆ ಸರ್ಕಾರವೇ ಇರಲಿಲ್ಲ, ಮತ್ತೆ 2022ರಿಂದ 2024ರವರೆಗೂ ಇಲ್ಲ. ಪ್ಯಾಕೇಜಿನ ಗಡುವು ಹತ್ತಿರ ಬಂದಾಗೆಲ್ಲ ಗಾಬರಿ, ವಿಸ್ತರಣೆ, ನಿಟ್ಟುಸಿರು. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ. ಇದರ ನಡುವೆ ವಿಧವೆ ತನ್ನ ಬಾಡಿಗೆ ಮುಂದಿನ ಮಾರ್ಚ್‌ಗೆ ಎಷ್ಟಾಗುತ್ತದೆ ಅಂತ ತಿಳಿಯದೆ ಕೂರಬೇಕು.

ಬಡತನವನ್ನು ನಿಜವಾಗಿ ಎದುರಿಸಲು ಅವರಿಗೆ ಬೇರೆ ಕಾನೂನೇ ಬೇಕಿರಲಿಲ್ಲ, ಇದ್ದ ಕಾನೂನೇ ಸಾಕಿತ್ತು. 2006ರ ಸೇಂಟ್ ಆಂಡ್ರ್ಯೂಸ್ ಒಪ್ಪಂದದ ಪ್ರಕಾರ ಬಡತನ ನಿವಾರಣೆಗೆ ಒಂದು ಕಾರ್ಯಯೋಜನೆ ರೂಪಿಸುವುದು ಸ್ಟಾರ್ಮಂಟ್ ಸರ್ಕಾರದ ಕಾನೂನುಬದ್ಧ ಕರ್ತವ್ಯ. ಕೋಮು ನೋಡದೆ, ಯಾರಿಗೆ ನಿಜವಾಗಿ ಬೇಕೋ ಅವರಿಗೆ. ನೀವು ಅದನ್ನು ಮಾಡಿಲ್ಲ ಅಂತ 2015ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿತು. ರಿಯಾಯಿತಿಯ ಪ್ಯಾಕೇಜು ಆರು ತಿಂಗಳ ಆಚೀಚೆ ತಯಾರಾಯಿತು. ಕಾರ್ಯಯೋಜನೆಯ ಕರಡು ಜನರ ಮುಂದೆ ಬಂದದ್ದು 2025ರಲ್ಲಿ.